ಗೆರೆ ಕಡಿದ ಜಾಗ

"ಮೀನಿನ ಹೊಟ್ಟೆ ಕೊಯ್ದು ಕೊಯ್ದು ಸಾಕಾಯ್ತು ಕಾಣ್ತದೆ. ಈಗ ಹೆಂಡ್ತಿ ಹೊಟ್ಟೆ ಓದ್ಲಿಕ್ಕೆ ಬಂದಿದ್ದಾನೆ, ನೋಡಿ!"

ದಿನಕರ ಡಾಕ್ಟರ್ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ. ಮೆಲ್ಲಗೆ ಹೇಳಲಿಲ್ಲ. ವರಾಂಡದ ಬೆಂಚುಗಳ ಮೇಲೆ ಮೂವತ್ತು ಜನ ಕೂತಿದ್ದರು. ಬಸುರಿಯರು, ಅವರ ಅತ್ತೆಯರು, ತಾಯಂದಿರು, ಒಂದಿಷ್ಟು ಗಂಡಂದಿರು. ಎಲ್ಲರಿಗೂ ಕೇಳಲಿ ಎಂದೇ ಹೇಳಿದ. ಅವನ ಕೈಯಲ್ಲಿ ಅಂಗೈಯಗಲದ ಒಂದು ಹಾಳೆ ಇತ್ತು. ಲ್ಯಾಮಿನೇಶನ್ ಮಾಡಿಸಿದ್ದು. ಒಳಗಿನ ಕಾಗದ ಪೂರ್ತಿ ಕಪ್ಪು. ಅದನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದ.

"ಇದು ಸ್ಕ್ಯಾನಿಂಗ್ ಅಂತೆ. ನಿಮಗೆ ಎಂತ ಕಾಣ್ತದೆ? ನನಗಂತೂ ದೋಸೆ ಕಾವಲಿ ಕಂಡಿತು."

ಜನ ನಕ್ಕರು. ಬೆಳಗಿನಿಂದ ಕಾದು ಕೂತವರಿಗೆ ನಗಲು ಏನಾದರೂ ಬೇಕಿತ್ತು.

ನರೇಶ ಅವನ ಎದುರಿಗೇ ನಿಂತಿದ್ದ. ಇಪ್ಪತ್ತಾರು ವರ್ಷ. ಬಾಡ ಊರಿನ ಮೀನುಗಾರರ ಕೇರಿಯವ. ಬೆಳಿಗ್ಗೆ ಬೋಟಿನಿಂದ ಇಳಿದು ಮನೆಗೆ ಬಂದರೆ ಸುಚಿತಾಳ ಸೀರೆಯಲ್ಲಿ ರಕ್ತ. ಸ್ನಾನವಿಲ್ಲ, ಚಾ ಇಲ್ಲ, ಆಟೋ ಹತ್ತಿಸಿ ಕರೆತಂದಿದ್ದ. ಪ್ಯಾಂಟಿನ ಮೇಲೆ ತಾರ್ಲೆ ಮೀನಿನ ಹುರುಪೆ ಒಣಗಿ ಅಂಟಿಕೊಂಡಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಿದ್ದಳು.

"ನಾ ಓದ್ಲಿಕ್ಕೆ ಬರಲಿಲ್ಲ ಡಾಕ್ಟ್ರೆ. ನೀವು ಓದಿ ಅಂತ ತಂದದ್ದು."

"ಎಂತ ಓದೂದು? ಮಸಿಯಾ?" ಡಾಕ್ಟರ್ ಹಾಳೆಯನ್ನು ಅವನ ಎದೆಗೆ ಒತ್ತಿ ವಾಪಸು ಕೊಟ್ಟ. "ವರ್ಷಕ್ಕೊಂದು ಹೆರಿಸ್ತೀರಿ. ಮೇಲಿಂದ ನಮಗೇ ಪಾಠ. ಈ ಸಲ ನಿನ್ನ ಹೆಂಡ್ತಿ ಹೊಟ್ಟೆಗೆ ಒಂದು ಜಿಪ್ ಹಾಕಿ ಕೊಡ್ತೇನೆ. ಬೇಕಾದಾಗ ನೀನೇ ತೆಗ್ದು ನೋಡ್ಕೋ."

ಈ ಸಲ ಗಂಡಸರಷ್ಟೇ ನಕ್ಕರು. ಹೆಂಗಸರು ತಮ್ಮ ತಮ್ಮ ಹೊಟ್ಟೆಯ ಮೇಲಿನ ಸೆರಗು ಸರಿಮಾಡಿಕೊಂಡರು.

ಸುಚಿತಾ ಪಕ್ಕದ ಕೋಣೆಯ ಮಂಚದಲ್ಲಿದ್ದಳು. ನಡುವೆ ಒಂದು ಹಸಿರು ಪರದೆ ಮಾತ್ರ. ಅವಳಿಗೂ ಕೇಳಿತು.

ಅವಳ ಹೊಟ್ಟೆಯನ್ನು ಈ ಡಾಕ್ಟರ್ ಎರಡು ಸಲ ಕೊಯ್ದಿದ್ದ. ಮೊದಲ ಸಲ ಬೆಳಗಿನ ಜಾವ ನೋವು ಶುರುವಾಗಿತ್ತು. ಎಲ್ಲ ಸರಿಯಾಗಿದೆ, ರಾತ್ರಿಯೊಳಗೆ ಆಗುತ್ತದೆ ಎಂದು ಸುಷ್ಮಾ ಸಿಸ್ಟರ್ ಹೇಳುತ್ತಿದ್ದಳು. ಮಧ್ಯಾಹ್ನ ನಾಲ್ಕಕ್ಕೆ ಡಾಕ್ಟರ್ ಬಂದು ಗಡಿಯಾರ ನೋಡಿದ. ಆರು ಗಂಟೆಗೆ ಅವನಿಗೆ ಎಲ್ಲೋ ಸನ್ಮಾನವಿತ್ತು. ನಾಲ್ಕೂವರೆಗೆ ಕೊಯ್ದ. ಎರಡನೇ ಸಲ ನೋವು ಬರುವುದಕ್ಕೂ ಬಿಡಲಿಲ್ಲ. ಒಮ್ಮೆ ಕೊಯ್ದ ಮೇಲೆ ಮತ್ತೆ ಕೊಯ್ಯಲೇಬೇಕು ಎಂದ. ತನಗೆ ಬಿಡುವಿದ್ದ ದಿನ ಗೊತ್ತುಮಾಡಿದ. ಆ ದಿನ ಟೇಬಲ್ಲಿನ ಮೇಲೆ ಮಲಗುವ ಮುಂಚೆ ಸುಚಿತಾ ಕೇಳಿದ್ದಳು: "ಡಾಕ್ಟ್ರೆ, ಇನ್ನು ಮಕ್ಕಳು ಬೇಡ. ಇದೇ ಸಲ ಆ ಆಪರೇಷನ್ನೂ ಮಾಡಿಬಿಡಿ." ಅದಕ್ಕೆ ಗಂಡನ ಸಹಿ ಬೇಕು ಎಂದಿದ್ದ. ಗಂಡ ಸಮುದ್ರದ ಮೇಲಿದ್ದ. ಸಹಿ ಇಲ್ಲ ಎಂದು ಹಾಗೇ ಹೊಲಿದು ಕಳಿಸಿದ್ದ.

ಆಗ ಹಾಗೆ ಕಳಿಸಿದವನೇ ಈಗ ಜಿಪ್ಪಿನ ಮಾತಾಡುತ್ತಿದ್ದ.

ಹನ್ನೆರಡು ದಿನದ ಹಿಂದೆ ಬಯಕೆ ಊಟಕ್ಕೆ ಎಂದು ಸುಚಿತಾ ಭಟ್ಕಳದ ತಾಯಿ ಮನೆಗೆ ಹೋಗಿದ್ದಳು. ಉಂಡು ಕೈ ತೊಳೆಯುವಾಗ ಕಾಲ ಸಂದಿನಲ್ಲಿ ಬಿಸಿ ಇಳಿಯಿತು. ನೋವಿಲ್ಲ, ಬರೀ ರಕ್ತ. ತಾಯಿ ಗಂಗಿ ಮೀನು ಮಾರುವ ಹೆಂಗಸು. ಕೂಗಾಡಲಿಲ್ಲ. ಮಗಳ ಕೈ ಹಿಡಿದು ಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದಳು. ನರೇಶನೂ ಜೊತೆಗಿದ್ದ. ಅಲ್ಲಿಗೆ ವಾರಕ್ಕೆರಡು ಸಲ ಬರುವ ಡಾಕ್ಟರು ಮಹಾಲಕ್ಷ್ಮೀ ಮೇಡಂ. ಸಣ್ಣ ಪ್ರಾಯದವರು. ಬಹಳ ಹೊತ್ತು ನೋಡಿದರು. ಹೊರಗೆ ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದರು. ಆಮೇಲೆ ನರೇಶನನ್ನು ಒಳಗೆ ಕರೆದರು.

"ಮೊದಲಿನ ಎರಡೂ ಕೊಯ್ದು ತೆಗೆದದ್ದಾ?"

"ಹೌದು ಮೇಡಂ."

"ಇಲ್ಲಿ ನೋಡಿ. ಇದು ಮೂತ್ರದ ಚೀಲ. ಇದು ಗರ್ಭದ ಗೋಡೆ. ಇದು ಮಾಸು, ಮಗುವಿಗೆ ಆಹಾರ ಕೊಡುವಂಥದ್ದು. ಮಾಸಿಗೂ ಗೋಡೆಗೂ ನಡುವೆ ತೆಳ್ಳಗೆ ಒಂದು ಕಪ್ಪು ಗೆರೆ ಇರಬೇಕು. ಇಲ್ಲಿ ಇದೆ. ಇಲ್ಲಿವರೆಗೂ ಇದೆ. ಹಳೇ ಹೊಲಿಗೆಯ ಜಾಗಕ್ಕೆ ಬಂದಾಗ ಇಲ್ಲ."

ನರೇಶ ಬಗ್ಗಿ ನೋಡಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಆದರೆ ಇಂಥ ಪರದೆ ಅವನಿಗೆ ಹೊಸದಲ್ಲ. ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿನಲ್ಲಿ, ಬೋಟು ನಡೆಸುವ ತಾಂಡೇಲ ಶನಿಯಾರನ ಪಕ್ಕ ಕೂತು ಮೀನು ಹುಡುಕುವ ಮಿಷನ್ ನೋಡುವುದು ಅವನ ಕೆಲಸ. ಒಂಬತ್ತು ವರ್ಷದಿಂದ. ಆ ಪರದೆಯ ಮೇಲೂ ಹೀಗೇ ಬೂದು, ಹೀಗೇ ಕಪ್ಪು, ಹೀಗೇ ಮಿಣುಕುವ ಚುಕ್ಕಿ.

"ನಮ್ಮ ಬೋಟಲ್ಲೂ ಹೀಂಗೇ ಮೇಡಂ. ತಳದ ಗೆರೆ ಕಡಿದು ಹೋದ್ರೆ ಅಲ್ಲಿ ಕಲ್ಲು ಇತ್ತು ಅಂತ ಲೆಕ್ಕ. ಅಲ್ಲಿ ಬಲೆ ಬಿಟ್ರೆ ಕಚ್ಚಿಕಂತದೆ. ಎಳೆದ್ರೆ ಹರಿತದೆ."

ಮೇಡಂ ಅವನ ಮುಖ ನೋಡಿದರು. "ಸರಿಯಾಗಿ ಹೇಳಿದ್ರಿ. ಇಲ್ಲೂ ಕಚ್ಚಿಕೊಂಡಿದೆ. ಮಗು ತೆಗೆದ ಮೇಲೆ ಮಾಸು ಎಳೆದ್ರೆ ರಕ್ತ ನಿಲ್ಲೂದಿಲ್ಲ. ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ರಕ್ತ ಬೇಕು, ನಾಲ್ಕೈದು ಡಾಕ್ಟರು ಬೇಕು. ನಿಮ್ಮ ಡಾಕ್ಟರಿಗೆ ಇದನ್ನ ತೋರಿಸಿ. ಸಂಜೆಯೊಳಗೆ ರಿಪೋರ್ಟ್ ಟೈಪ್ ಆಗ್ತದೆ, ತಕೊಂಡೇ ಹೋಗಿ."

ಇಲ್ಲಿ ನರೇಶ ತಪ್ಪು ಮಾಡಿದ. ಸಂಜೆ ಬೋಟು ಹೊರಡುವುದಿತ್ತು. ಮಿಷನ್ನಿನಿಂದ ಬಂದ ನುಣುಪು ಕಾಗದದ ಚಿತ್ರ ಆಗಲೇ ಕೈಗೆ ಸಿಕ್ಕಿತ್ತು. ಬೋಟಿನವರಿಗೆ ಪರದೆಯ ಚಿತ್ರ ಸಿಕ್ಕರೆ ಆತು. ಅದರ ಕೆಳಗೆ ಬರೆದದ್ದನ್ನು ಯಾರು ಓದುತ್ತಾರೆ? ರಿಪೋರ್ಟಿಗೆ ಕಾಯದೆ ಹೆಂಡತಿಯನ್ನು ಕರೆದುಕೊಂಡು ಬಂದುಬಿಟ್ಟ.

ಮೇಲಿಂದ ಇನ್ನೊಂದು ತಪ್ಪು. ಬಾಡದ ಆ ಕೇರಿಯಲ್ಲಿ ಕಾಗದ ಉಳಿಯುವುದಿಲ್ಲ. ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲಿ ಹಪ್ಪಳವಾಗುತ್ತದೆ. ಅದಕ್ಕೆ ಆಧಾರು, ರೇಶನ್ ಕಾರ್ಡು, ಬೋಟಿನ ಪರವಾನಗಿ, ಮಕ್ಕಳ ಮಾರ್ಕ್ಸ್ ಕಾರ್ಡು, ಎಲ್ಲಕ್ಕೂ ಲ್ಯಾಮಿನೇಶನ್. "ಹೆಂಡ್ತಿ ಬೈದದ್ದೊಂದು ಬಿಟ್ಟು ಎಲ್ಲಾ ಲ್ಯಾಮಿನೇಶನ್ ಮಾಡ್ಸಿಟ್ಟಿದ್ದೆ" ಎಂದು ತಾಂಡೇಲ ಶನಿಯಾರ ಹೇಳುವುದಿತ್ತು. ನರೇಶನೂ ಬಂದರಿಗೆ ಹೋಗುವ ದಾರಿಯಲ್ಲಿ ಜಗದೀಶನ ಜೆರಾಕ್ಸ್ ಅಂಗಡಿಗೆ ಚಿತ್ರ ಕೊಟ್ಟ. ಬಿಸಿ ರೋಲರಿನ ಒಳಗೆ ಬೂದು ಚಿತ್ರ ಹೋಯಿತು. ಹೊರಗೆ ಕಪ್ಪು ಹಲಗೆ ಬಂತು. ಆ ಕಾಗದ ಬಿಸಿ ತಾಗಿದರೆ ಕಪ್ಪಾಗುವ ಜಾತಿಯದು. ಇಬ್ಬರಿಗೂ ಗೊತ್ತಿರಲಿಲ್ಲ. ಜಗದೀಶ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾ ಎಂತ ಮಾಡ್ಲಿಲ್ಲ ಮಾರಾಯ, ದೇವರಾಣೆ" ಎಂದ.

ನರೇಶ ಯಾರಿಗೂ ಹೇಳಲಿಲ್ಲ. ನಾಚಿಕೆ. ದೊಡ್ಡ ಡಾಕ್ಟರು, ಅವರ ಹತ್ತಿರ ದೊಡ್ಡ ಮಿಷನ್ ಇರುತ್ತದೆ, ಕಪ್ಪಿನೊಳಗೂ ಕಾಣಬಹುದು ಎಂದುಕೊಂಡ. ಹಾಗೇ ಬೋಟು ಹತ್ತಿದ್ದ.

ಈಗ ಡಾಕ್ಟರ್ ತನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದ. "ನಾನೂ ಸ್ಕ್ಯಾನ್ ಮಾಡಿದ್ದೇನೆ. ಎಲ್ಲಾ ನಾರ್ಮಲ್. ಸ್ವಲ್ಪ ರಕ್ತ ಹೋಗಿದೆ, ಅದಕ್ಕೇ ನಾಳೆ ಬೆಳಿಗ್ಗೆ ತೆಗೆದುಬಿಡುವ. ಸಹಿ ಹಾಕು."

"ಎಷ್ಟು ಹೊತ್ತು ನೋಡಿದ್ರಿ ಡಾಕ್ಟ್ರೆ?"

ಡಾಕ್ಟರ್ ತಲೆ ಎತ್ತಿದ. "ಎಂತ?"

"ಸ್ಕ್ಯಾನು. ನಾ ಹೊರಗೆ ನಿಂತಿದ್ದೆ. ಬಾಗಿಲು ಹಾಕಿ ಬಾಗಿಲು ತೆಗೆದದ್ದು ಅಷ್ಟೇ. ಭಟ್ಕಳದ ಮೇಡಂ ಮುಕ್ಕಾಲು ತಾಸು ನೋಡಿದ್ರು. ಗೆರೆ ಇಲ್ಲ ಅಂದ್ರು. ನಾನೂ ಕಂಡೆ."

ನರೇಶ ಮೇಜಿನ ಮೇಲಿದ್ದ ಕಾಗದವನ್ನು ತಿರುಗಿಸಿದ. ಸಹಿ ಹಾಕಬೇಕಾದ ಇಂಗ್ಲಿಷ್ ಕಾಗದ ಅದು. ಹಿಂಬದಿ ಖಾಲಿ ಇತ್ತು. ಪೆನ್ನು ತೆಗೆದುಕೊಂಡು ಎಳೆದ. ಬಲೆ ಎಳೆದು ಬಿರುಕು ಬಿಟ್ಟ ಬೆರಳು ಅವು, ಪೆನ್ನು ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಚೀಲ. ಒಂದು ಗೋಡೆ. ಒಂದು ಗೆರೆ. ಗೆರೆ ಬಂದು ಬಂದು ಒಂದು ಕಡೆ ನಿಂತಿತು. ಎರಡು ಬೆರಳಿನಷ್ಟು ಖಾಲಿ. ಮತ್ತೆ ಶುರುವಾಯಿತು.

"ಇಲ್ಲಿ. ಈ ಜಾಗ. ಇನ್ನೊಂದ್ಸಲ ನೋಡಿ. ಅಲ್ಲದಿದ್ರೆ ಮಂಗಳೂರಿಗೆ ಒಂದು ಚೀಟಿ ಬರ್ದು ಕೊಡಿ. ನಾ ಬೇರೆ ಎಂತದೂ ಕೇಳೂದಿಲ್ಲ."

ಡಾಕ್ಟರ್ ಆ ಕಾಗದವನ್ನು ನೋಡಿದ. ಒಂದು ಕ್ಷಣ ನಿಜವಾಗಿಯೂ ನೋಡಿದ. ನರೇಶನಿಗೆ ಅದು ಗೊತ್ತಾಯಿತು. ಆಮೇಲೆ ಬಾಗಿಲ ಕಡೆ ನೋಡಿದ. ಬಾಗಿಲು ತೆರೆದಿತ್ತು. ಬೆಂಚಿನ ಜನ ಕತ್ತು ಉದ್ದ ಮಾಡಿ ಒಳಗೆ ಇಣುಕುತ್ತಿದ್ದರು. ಮೀನು ಹಿಡಿಯುವವನ ಚಿತ್ರ ನೋಡಿ ಡಾಕ್ಟರ್ ಮನಸ್ಸು ಬದಲಿಸಿದ ಎಂದು ಊರಿಗೆಲ್ಲ ಗೊತ್ತಾಗುವುದು ಬೇಡವಾಗಿತ್ತು.

ಕಾಗದವನ್ನು ಎರಡು ತುಂಡು ಮಾಡಿದ.

"ಇದು ನಿನ್ನ ಬೋಟಿನ ಮಿಷನ್ ಅಲ್ಲ. ಇಪ್ಪತ್ತೆರಡು ವರ್ಷ ಆಯ್ತು ನಾನು ಕೊಯ್ಯಲಿಕ್ಕೆ ಹತ್ತಿ. ಸಿಸ್ಟರ್, ಬೇರೆ ಫಾರಂ ಕೊಡಿ ಇವನಿಗೆ."

ಸುಷ್ಮಾ ಸಿಸ್ಟರ್ ಬೇರೆ ಫಾರಂ ತಂದಳು. ಸಂತೆಗುಳಿ ಕಡೆಯವಳು, ಹದಿನಾಲ್ಕು ವರ್ಷದಿಂದ ಇಲ್ಲೇ ದುಡಿಯುವವಳು. ವರಾಂಡದ ಮೂಲೆಗೆ ಬಂದು ಫಾರಂ ಕೊಡುತ್ತಾ, ತುಟಿ ಅಲುಗದ ಹಾಗೆ ಹೇಳಿದಳು: "ಇಲ್ಲಿ ಎರಡು ಬಾಟ್ಲಿ ರಕ್ತ ತರಿಸ್ಬೇಕು ಅಂದ್ರೆ ಮೂರು ತಾಸು ಬೇಕು. ನಾ ಹೇಳಿದ್ದು ಅಂತ ಹೇಳ್ಬೇಡ ಮಾರಾಯ. ನಂಗೂ ಮಕ್ಕಳಿದ್ದೋ."

ಅಷ್ಟು ಹೇಳಿ ಹೋದಳು.

ನರೇಶ ಗೋಡೆಗೆ ಒರಗಿದ. ಮೂರು ರಾತ್ರಿಯಿಂದ ನಿದ್ರೆ ಇಲ್ಲ. ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟು ಹೊತ್ತು ನಿಲ್ಲಲೂ ಮೈಯಲ್ಲಿ ಶಕ್ತಿ ಬೇಕು. ಅಷ್ಟು ಶಕ್ತಿ ಇರಲಿಲ್ಲ. ಫೋನ್ ತೆಗೆದು ಭಟ್ಕಳಕ್ಕೆ ಹಚ್ಚಿದ.

"ಅತ್ತೆ, ಆ ದಿನ ಸ್ಕ್ಯಾನಿಂಗ್ ಮಾಡಿದ ಜಾಗಕ್ಕೆ ಹೋಗಿ. ಸುಚಿತಾನ ಹೆಸ್ರಲ್ಲಿ ಟೈಪ್ ಮಾಡಿದ ಕಾಗದ ಇತ್ತು. ಅದನ್ನ ಇಸ್ಕಂಡು ಹೈವೇ ಬದಿಗೆ ಬಂದು ನಿಲ್ಲಿ."

"ಎಂತ ಆಯ್ತಾ ಅವಳಿಗೆ?"

"ಇನ್ನೂ ಎಂತ ಆಗಲಿಲ್ಲ. ಆಗೂದ್ರೊಳಗೆ ಹೋಗ್ಬೇಕು."

ಅಂಗಳದಲ್ಲಿ ಒಂದು ಆಂಬುಲೆನ್ಸ್ ನಿಂತಿತ್ತು. ಡ್ರೈವರ್ ಕೇಳಿದ ಮೊದಲ ಮಾತು: "ಡಾಕ್ಟರ ಚೀಟಿ ಇತ್ತಾ?" ಇಲ್ಲ ಎಂದ. "ಹಾಗಾದ್ರೆ ನಾ ಹಾಕಂಬುದಿಲ್ಲ. ದಾರಿ ಮೇಲೆ ಹೆಚ್ಚುಕಮ್ಮಿ ಆದ್ರೆ ನಾಳೆ ಇದೇ ಅಂಗಳದಲ್ಲಿ ನಾ ಗಾಡಿ ನಿಲ್ಸಬೇಕಲ್ಲ."

ಶನಿಯಾರ ತಾಂಡೇಲನಿಗೆ ಫೋನ್ ಮಾಡಿದ. ತಾಂಡೇಲ ಒಂದೇ ಮಾತು ಕೇಳಿದ, "ಕೂರ್ತಾಳಾ, ಮಲಗ್ಬೇಕಾ?" ಅರ್ಧ ತಾಸಿನಲ್ಲಿ ಬಲೆ ಸಾಗಿಸುವ ಓಮ್ನಿ ಬಂತು. ಹಿಂದಿನ ಸೀಟು ಕಿತ್ತದ್ದು. ಮೆತ್ತಗಿರಲಿ ಎಂದು ಹಳೇ ನೈಲಾನ್ ಬಲೆಯನ್ನು ದಪ್ಪಕ್ಕೆ ಹಾಸಿ, ಮೇಲೆ ತನ್ನ ಮನೆಯ ಹಾಸಿಗೆ ಹಾಕಿ ತಂದಿದ್ದ.

ನರೇಶ ಪರದೆ ಸರಿಸಿ ಒಳಗೆ ಹೋಗುವಷ್ಟರಲ್ಲಿ ಡಾಕ್ಟರೂ ಅಲ್ಲಿಗೆ ಬಂದಿದ್ದ. ಯಾರೋ ಹೇಳಿದ್ದರು.

"ಎಲ್ಲಿಗೆ ಕರ್ಕೊಂಡು ಹೋಗ್ತೀಯ? ರಸ್ತೆ ಮೇಲೆ ಸತ್ರೆ ಯಾರು ಜವಾಬ್ದಾರಿ? ನೀನಾ? ಸಹಿ ಹಾಕೋ ಅಂದ್ರೆ ಗಾಡಿ ತರಿಸ್ತಾನೆ!"

"ಹಾಕೂದಿಲ್ಲ."

"ಏನು?"

"ಸಹಿ ಹಾಕೂದಿಲ್ಲ ಅಂದೆ."

ಡಾಕ್ಟರ್ ಸುಚಿತಾಳ ಕಡೆ ತಿರುಗಿದ. ದನಿ ಮೆತ್ತಗಾಯಿತು. "ನೋಡಮ್ಮ, ಇವನಿಗೆ ತಲೆ ಸರಿ ಇಲ್ಲ. ನೀನು ಹೇಳು. ಎರಡು ಸಲ ನಾನೇ ಅಲ್ವಾ ಮಾಡಿದ್ದು? ಏನಾದ್ರೂ ತೊಂದ್ರೆ ಆಯ್ತಾ?"

ಸುಚಿತಾ ಎದ್ದು ಕೂತಳು. ನಿಧಾನಕ್ಕೆ. ಅವಳು ಕೂರಲು ಎರಡು ಕೈ ಊರಬೇಕು. ಕೆಳಹೊಟ್ಟೆಯ ಆ ಜಾಗ ಎರಡನೇ ಹೆರಿಗೆಯ ನಂತರ ಯಾವತ್ತೂ ಸರಿಯಾಗಿರಲಿಲ್ಲ. ನೀರಿನ ಕೊಡ ಎತ್ತಿದರೆ ಎಳೆಯುತ್ತಿತ್ತು. ಬಗ್ಗಿ ಗುಡಿಸಿದರೆ ಎಳೆಯುತ್ತಿತ್ತು. ಅದನ್ನು ಇದೇ ಡಾಕ್ಟರಿಗೆ ಮೂರು ಸಲ ಹೇಳಿದ್ದಳು. ಗ್ಯಾಸು ಎಂದಿದ್ದ.

"ಆ ದಿನ ನಾ ಇನ್ನು ಬೇಡ ಅಂದದ್ದು ನಿಮಗೆ ಕೇಳ್ಲಿಲ್ಲ," ಎಂದಳು. "ಗಂಡನ ಸಹಿ ಬೇಕು ಅಂದ್ರಿ. ಹೊಟ್ಟೆ ನಂದು, ಸಹಿ ಅವರದ್ದು. ಇವತ್ತು ಅವರು ಸಹಿ ಹಾಕೂದಿಲ್ಲ ಅಂದ್ರೆ ನನ್ನ ಕೇಳ್ತ್ರಿ. ನಾ ಈ ಟೇಬಲ್ ಮೇಲೆ ಇನ್ನು ಮಲಗೂದಿಲ್ಲ. ಈ ಡ್ರಿಪ್ಪಿನ ಸೂಜಿ ತೆಗೀರಿ ಸಿಸ್ಟರ್."

ಸುಷ್ಮಾ ಡಾಕ್ಟರನ ಮುಖ ನೋಡಲಿಲ್ಲ. ಸೂಜಿ ತೆಗೆದಳು. ಹತ್ತಿ ಒತ್ತಿ ಹಿಡಿದಳು, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಮಂಗಳೂರಿನ ದಾರಿಯಲ್ಲಿ ಹೊನ್ನಾವರ ದಾಟಿದರು. ಶನಿಯಾರ ಗುಂಡಿ ಕಂಡಲ್ಲೆಲ್ಲ ಓಮ್ನಿಯನ್ನು ನಿಲ್ಲಿಸಿ ನಿಲ್ಲಿಸಿ ಇಳಿಸುತ್ತಿದ್ದ. ಶರಾವತಿ ಸೇತುವೆಯ ಮೇಲೆ ಸುಚಿತಾ, "ಈ ಬಲೆ ನಾತ ಹೊಡಿತದೆ ಮಾರಾಯ್ರೆ, ಇದ್ರ ಮೇಲೆ ಮಲಗ್ಸಿ ನನ್ನನ್ನೂ ಮಾರ್ಲಿಕ್ಕೆ ಹೊರಟ್ರಾ ಹ್ಯಾಂಗೆ?" ಎಂದಳು. ಶನಿಯಾರ, "ಮಂಗಳೂರಲ್ಲಿ ರೇಟು ಒಳ್ಳೆದಿತ್ತು" ಎಂದ. ಮೂವರೂ ನಕ್ಕರು. ನಗುವಾಗ ಅವಳು ಹೊಟ್ಟೆ ಹಿಡಿದುಕೊಂಡಳು. ನರೇಶ ಅವಳ ಕಾಲ ಬಳಿ ಕೂತು ಬಟ್ಟೆ ನೋಡುತ್ತಿದ್ದ. ರಕ್ತ ಹೆಚ್ಚಾಗಿರಲಿಲ್ಲ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದ.

ಭಟ್ಕಳದ ಹೈವೇ ಬದಿಯಲ್ಲಿ ಗಂಗಿ ಬಿಸಿಲಲ್ಲೇ ನಿಂತಿದ್ದಳು. ಮೀನಿನ ಬುಟ್ಟಿ ಕಾಲ ಹತ್ತಿರ, ಮೀನೆಲ್ಲ ಹಾಗೇ. ಮಾರುವುದನ್ನು ಬಿಟ್ಟು ಬಂದಿದ್ದಳು. ರಿಪೋರ್ಟನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದಳು. ಬುಟ್ಟಿಯನ್ನು ಎದುರಿನ ಗೂಡಂಗಡಿಯವನಿಗೆ ಕೊಟ್ಟು, "ತಿನ್ನಿ, ಯಾರಾದ್ರೂ ತಿನ್ನಿ" ಎಂದು ಗಾಡಿ ಹತ್ತಿದಳು.

ಮಂಗಳೂರಿನಲ್ಲಿ ಆ ಕಾಗದ ಓದಿದ ಡಾಕ್ಟರಮ್ಮ ಎದ್ದು ನಿಂತರು. ಮತ್ತೆ ಯಾರೂ ಕಾಯಿಸಲಿಲ್ಲ. ಇನ್ನೊಂದು ಸ್ಕ್ಯಾನ್ ಆಯಿತು. ಆಮೇಲೆ ದೊಡ್ಡ ಕೊಳವೆಯ ಯಂತ್ರದೊಳಗೆ ಸುಚಿತಾ ಅರ್ಧ ತಾಸು ಅಲುಗದೆ ಮಲಗಿದಳು. ಒಳಗೆ ಯಾರೋ ಬೋಟಿನ ಹಲಗೆಗೆ ಮೊಳೆ ಹೊಡೆದ ಹಾಗೆ ಸದ್ದಾಗುತ್ತಿತ್ತು ಎಂದು ಆಮೇಲೆ ಹೇಳಿದಳು. ಮಾಸು ಹಳೇ ಹೊಲಿಗೆಯನ್ನು ತಿಂದು ಮೂತ್ರದ ಚೀಲದವರೆಗೂ ಹೋಗಿತ್ತು.

"ಗೊತ್ತಿಲ್ಲದೆ ಕೊಯ್ದಿದ್ರೆ..." ಎಂದು ಡಾಕ್ಟರಮ್ಮ ನಿಲ್ಲಿಸಿದರು. ಆಮೇಲೆ ಕೇಳಿದರು, "ಎರಡನೇ ಹೆರಿಗೆಯಲ್ಲೇ ಮಕ್ಕಳಾಗದ ಆಪರೇಷನ್ ಯಾಕೆ ಮಾಡಿಸಿಕೊಳ್ಳಲಿಲ್ಲ?"

"ಗಂಡನ ಸಹಿ ಇಲ್ಲ ಅಂತ ಮಾಡ್ಲಿಲ್ಲ," ಎಂದಳು ಸುಚಿತಾ.

"ಅದಕ್ಕೆ ಗಂಡನ ಸಹಿ ಬೇಕಾಗೇ ಇಲ್ಲ."

ಸುಚಿತಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನರೇಶ ತನ್ನ ಬಲಗೈ ನೋಡಿಕೊಂಡ. ಬೇಕಾಗೇ ಇರದ ಒಂದು ಸಹಿ. ಅದೊಂದರಿಂದ ಅವಳು ಇಲ್ಲಿದ್ದಳು.

ಮರುದಿನ ಆರು ತಾಸು ಆಪರೇಷನ್ ನಡೆಯಿತು. ಬೋಟು ಆ ದಿನ ಸಮುದ್ರಕ್ಕೆ ಇಳಿಯಲಿಲ್ಲ. ಹನ್ನೊಂದು ಜನ ಬಸ್ಸು ಹಿಡಿದು ಬಂದು ರಕ್ತ ಕೊಟ್ಟು, ಬಿಸ್ಕೀಟು ತಿಂದು, ಆಸ್ಪತ್ರೆಯ ಹೊರಗೆ ಸಾಲಾಗಿ ಕೂತರು. ದಿನ ತುಂಬದ ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸುಚಿತಾಳ ಗರ್ಭಕೋಶ ತೆಗೆದರು. ಮೂತ್ರದ ಚೀಲ ಹೊಲಿದರು. ಅವಳು ಮೂರನೇ ದಿನ ಕಣ್ಣು ಬಿಟ್ಟು ನೀರು ಕೇಳಿದಳು.

ಬದುಕಿದಳು.

ಒಂದೂವರೆ ತಿಂಗಳ ಮೇಲೆ ನರೇಶ ಮತ್ತೆ ಅದೇ ವರಾಂಡದಲ್ಲಿ ನಿಂತಿದ್ದ. ಬರುವ ಮನಸ್ಸಿರಲಿಲ್ಲ. ಮೂತ್ರದ ಚೀಲದ ಗಾಯ ಇನ್ನೂ ಪೂರ್ತಿ ಮಾದಿರಲಿಲ್ಲ, ಹಳೇ ಎರಡು ಆಪರೇಷನ್ನುಗಳ ಕಾಗದ ಬೇಕು ಎಂದು ಮಂಗಳೂರಿನವರು ಹೇಳಿದ್ದರು. ಕೌಂಟರಿನಲ್ಲಿ ಸುಷ್ಮಾ ಸಿಸ್ಟರ್ ಕಾಗದ ಹುಡುಕಿ ಕೊಟ್ಟಳು. ಸಹಿಗೆ ಪುಸ್ತಕ ಮುಂದೆ ಮಾಡಿದಳು. ನರೇಶ ಸಹಿ ಹಾಕಿದ. ಈ ಸಹಿ ಹಾಕುವಾಗಲೂ ಕೈ ಒಮ್ಮೆ ನಿಂತಿತು.

ದಿನಕರ ಡಾಕ್ಟರ್ ಕೋಣೆಯಿಂದ ಹೊರಗೆ ಬಂದ. ನೋಡಿದ. ಮುಖ ಅರಳಿಸಿಕೊಂಡ.

"ಓಹೋ, ಬಂದ್ಯಾ? ಹೆಂಡ್ತಿ ಹೇಗಿದ್ದಾಳೆ? ಉಳಿದ್ಲಂತಲ್ಲ." ಬೆಂಚಿನ ಜನರ ಕಡೆ ತಿರುಗಿದ. "ಭಾರೀ ಕಷ್ಟದ ಕೇಸು ಇವನದ್ದು. ನಾನು ನೋಡಿದ ಕೂಡ್ಲೆ ಹೇಳಿದೆ, ಇಲ್ಲಿ ಬೇಡ, ಮಂಗಳೂರಿಗೇ ಹೋಗಿ ಅಂತ. ಸರಿಯಾದ ಟೈಮಿಗೆ ಕಳಿಸಿದ್ದಕ್ಕೆ ಎರಡು ಜೀವ ಉಳಿಯಿತು. ಹೌದೋ ಅಲ್ವೋ, ಹೇಳೋ ಇವರಿಗೆ!"

ಎಲ್ಲರೂ ನರೇಶನನ್ನು ನೋಡಿದರು. ಬಾಯಿಗೆ ಬಂದ ಮಾತು ಬಹಳ ಇತ್ತು. ಒಂದೊಂದೂ ಕಲ್ಲಿನಷ್ಟು ಭಾರ. ಮನೆಯಲ್ಲಿ ಸುಚಿತಾಳ ಹೊಟ್ಟೆಗೆ ಹಾಕಿದ ನಳಿಗೆಯ ಚೀಲ ತುಂಬಿರುತ್ತದೆ, ಹೋಗಿ ಖಾಲಿ ಮಾಡಬೇಕು. ಹಿರಿಯ ಮಕ್ಕಳಿಬ್ಬರಿಗೆ ಅನ್ನ ಹಾಕಬೇಕು. ಸಣ್ಣದು ಹಾಲಿಗೆ ಅಳುತ್ತಿರುತ್ತದೆ. ಇವನ ಹತ್ತಿರ ಮಾತಾಡಿ ಏನು ಸಿಗುವುದಿತ್ತು?

ಕಾಗದ ಮಡಚಿ ಅಂಗಿಯ ಒಳಕಿಸೆಗೆ ಹಾಕಿದ. ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತೆರಡಿರಬಹುದು. ಏಳು ತಿಂಗಳ ಹೊಟ್ಟೆ. ನರೇಶ ಅವಳ ಎದುರು ನಿಂತ.

"ಎಷ್ಟನೇದು ತಂಗಿ?"

"ಎರಡನೇದು."

"ಮೊದಲಿಂದು ಕೊಯ್ದದ್ದಾ?"

ಹೌದೆಂದು ತಲೆ ಹಾಕಿದಳು.

"ಬೇರೆ ಕಡೆನೂ ಒಂದ್ಸಲ ಸ್ಕ್ಯಾನ್ ಮಾಡ್ಸು. ಹಳೇ ಹೊಲಿಗೆ ಹತ್ರ ಸರಿಯಾಗಿ ನೋಡಿ ಅಂತ ಬಾಯಿಬಿಟ್ಟು ಕೇಳು. ಇನ್ನು ಮಕ್ಕಳು ಬೇಡ ಅಂದ್ರೆ ನೀ ಒಬ್ಬಳೇ ಹೇಳಿದ್ರೂ ಸಾಕು. ಯಾರ ಸಹಿನೂ ಬೇಡ."

ಹುಡುಗಿ ಡಾಕ್ಟರನ ಮುಖ ನೋಡಿದಳು. ನರೇಶನ ಮುಖ ನೋಡಿದಳು. ಪಕ್ಕದಲ್ಲಿದ್ದ ಅವಳ ಅತ್ತೆ, "ಎಂತ ಅಂದ ಅವ?" ಎಂದು ಕೇಳಿದಳು.

"ಏಯ್! ನಾನು ನಿನ್ನನ್ನ ಕೇಳಿದ್ದು!" ಡಾಕ್ಟರನ ದನಿ ಏರಿತು. "ಇಷ್ಟು ಜನರ ಎದುರು ಒಂದು ಮಾತು ಹೇಳ್ಲಿಕ್ಕೆ ಆಗೂದಿಲ್ವಾ ನಿನಗೆ? ಉಪಕಾರ ಗೊತ್ತಿಲ್ಲದ ಜಾತಿ!"

ನರೇಶ ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ. ಮೂರು ಮೆಟ್ಟಿಲು ಇಳಿದ. ಹಿಂದಿನಿಂದ ಇನ್ನೊಮ್ಮೆ ಕೂಗಿದ್ದು ಕೇಳಿತು. ಮೂರನೇ ಸಲ ಕೂಗುವಷ್ಟರಲ್ಲಿ ಅವನು ಗೇಟು ದಾಟಿದ್ದ.